ಹಕ್ಕಿ ತಿಂದ ಹಣ್ಣು

"ಬಾಯಿ ತಗಿ ಪುಟ್ಟಿ! ತಗಿ ಅಂದ್ರೆ!"

ಮೊಮ್ಮಗಳ ತುಟಿಗೆ ಅಂಟಿದ್ದ ಬಿಳಿ ಹಾಲನ್ನು ಕಂಡು ವೆಂಕಟಲಕ್ಷ್ಮಮ್ಮ ಅವಳ ಕೈ ಹಿಡಿದು ಬಿಡಿಸಿ ನೋಡಿದಳು. ಪುಟ್ಟಿಯ ಅಂಗೈಯಲ್ಲಿ ಅರ್ಧ ಕಚ್ಚಿದ ಕಾಯಿ. ಕಾಡುಕಣಗಿಲೆ. ದನ ಕೂಡ ಮೂಸಿ ನೋಡಿ ಬಿಟ್ಟುಹೋಗುವ ವಿಷ.

"ಕೋಗಿಲೆ ತಿಂತಿತ್ತು ಕಣಜ್ಜಿ. ಹಕ್ಕಿ ತಿಂದಿದ್ದನ್ನ ನಾವೂ ತಿನ್ನಬೋದು ಅಂತ ನೀನೇ ಯೋಳಿದ್ದೆ."

ಹೇಳಿದ್ದು ನಿಜ. ವೆಂಕಟಲಕ್ಷ್ಮಮ್ಮನಿಗೆ ಅವಳ ಅವ್ವ ಕಲಿಸಿದ್ದೂ ಅದನ್ನೇ. ತಾನೂ ಬೇಲಿಸಾಲಿನಲ್ಲಿ ಮೊಮ್ಮಕ್ಕಳಿಬ್ಬರ ಕೈ ಹಿಡಿದು ನಡೆಸುತ್ತಾ ವಿಷವೆಂದು ಉಮ್ಮತ್ತಿ ತೋರಿಸಿದ್ದಳು, ಗುಲಗಂಜಿ ತೋರಿಸಿದ್ದಳು, ಹುತ್ತದ ಬಾಯಿಗೆ ಕೈ ಹಾಕಿದರೆ ಏನಾಗುತ್ತದೆಂದು ಹೆದರಿಸಿದ್ದಳು. ಕಾರೆಹಣ್ಣು, ಎಲಚಿಹಣ್ಣು ಹಕ್ಕಿ ಕುಕ್ಕಿದ್ದನ್ನು ನೋಡಿ ಕಿತ್ತುಕೊಟ್ಟಿದ್ದಳು. ಆ ಬೇಲಿಯನ್ನು ಹೋದ ವರ್ಷ ಜೆಸಿಬಿ ಬಂದು ಬಾಚಿಹಾಕಿತು. ಬಿಡದಿಯಿಂದ ಈಚೆಗೆ ಹಬ್ಬುತ್ತಾ ಬಂದ ಕಾರ್ಖಾನೆಗಳಲ್ಲೊಂದು ಅವರ ಹಿತ್ತಲಿಗೇ ತಂತಿ ಎಳೆಯಿತು. ಕಾರ್ಖಾನೆಯವರಿಗೆ ಹೂವೂ ಬೇಕಿತ್ತು, ದನವೂ ಬಾಯಿ ಹಾಕಬಾರದಿತ್ತು. ಎರಡಕ್ಕೂ ಒಂದೇ ಗಿಡ ಸಿಕ್ಕಿತು, ಈ ಕಾಡುಕಣಗಿಲೆ. ಅದು ನಮ್ಮ ಬೇಲಿಯಲ್ಲವಲ್ಲ ಎಂದು ವೆಂಕಟಲಕ್ಷ್ಮಮ್ಮ ಮಕ್ಕಳನ್ನು ಅತ್ತ ಕರೆದೊಯ್ದಿರಲೇ ಇಲ್ಲ.

"ಕೆಟ್ಟೆನಲ್ಲಪ್ಪೋ! ಚೆಲುವಯ್ಯಾ, ಆಟೋ ತಗಿ ಕಣಪ್ಪಾ, ಆಸ್ಪತ್ರೆಗೋಗ್ಬೇಕು!"

ಪಕ್ಕದ ಮನೆಯ ಚೆಲುವಯ್ಯ ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಬಂದ. ಅಷ್ಟರಲ್ಲಿ ಅವಳು ಪುಟ್ಟಿಯ ಗಂಟಲಿಗೆ ಬೆರಳು ಹಾಕಿದ್ದಳು. ಮಗು ಬೆಳಗಿನ ರಾಗಿರೊಟ್ಟಿಯನ್ನೂ ಕಾಯಿಯ ಚೂರನ್ನೂ ಕಾರಿಕೊಂಡಿತು. ಒಂದೇ ಚೂರು. ಮುದುಕಿಯ ಜೀವ ಒಸಿ ಹಿಂದಕ್ಕೆ ಬಂತು.

"ಇನ್ನೆಷ್ಟು ತಿಂದೆ, ದಿಟ ಯೋಳವ್ವ."

"ಇಷ್ಟೇ ಕಣಜ್ಜಿ. ಕಹಿ ಇತ್ತು." ಪುಟ್ಟಿ ಬಿಕ್ಕಿದಳು. "ದೀಪುಗೇ ಜಾಸ್ತಿ ಕೊಟ್ಟೆ. ಚಿಕ್ಕೋರಿಗೆ ಮೊದ್ಲು ಕೊಟ್ಟು ಆಮೇಕೆ ತಿನ್ಬೇಕು ಅಂತ ನೀನೇ ಯೋಳಿಲ್ವಾ?"

ಬಾಗಿಲಲ್ಲಿ ಆಟೋ ಗುರುಗುಟ್ಟುತ್ತಿತ್ತು. ವೆಂಕಟಲಕ್ಷ್ಮಮ್ಮನಿಗೆ ಅದು ಕೇಳಿಸಲಿಲ್ಲ. ಸೆರಗು ಜಾರಿದ್ದೂ ತಿಳಿಯದೆ ಹಿತ್ತಲಿಗೆ ಓಡಿದಳು.

ತಂತಿಗೆ ಒರಗಿ ನಾಲ್ಕು ವರ್ಷದ ಮೊಮ್ಮಗ ದೀಪು ಕೂತಿದ್ದ. ಸುತ್ತ ಹಳದಿ ಹೂ ಉದುರಿತ್ತು. ಅವನ ಅಂಗಿಯ ಮುಂಭಾಗವೆಲ್ಲ ಜೊಲ್ಲು, ಕಣ್ಣೆವೆಗಳು ಜೋತು ಬೀಳುತ್ತಿದ್ದವು. ಅಜ್ಜಿಯನ್ನು ಕಂಡು ನಕ್ಕ, ಮುಚ್ಚಿದ್ದ ಮುಷ್ಟಿಯನ್ನು ಮೆಲ್ಲಗೆ ಬಿಚ್ಚಿ ಒಂದು ಕಾಯಿ ಚಾಚಿದ.

"ಅಜ್ಜೀ, ಇದು ನಿಂಗೆ."