ಚಿಕ್ಕಗೌರಮ್ಮನ ಮೈಸೂರು

ಬಿಳಿಗೆರೆಯಲ್ಲಿ ಮೈಸೂರಿನ ಬಗ್ಗೆ ಯಾರಿಗೇ ಅನುಮಾನ ಬಂದರೂ ಚಿಕ್ಕಗೌರಮ್ಮನನ್ನು ಕೇಳುತ್ತಿದ್ದರು. ಅರಮನೆಯ ಬಾಗಿಲು ಯಾವ ಕಡೆಗೆ, ಚಾಮುಂಡಿ ಬೆಟ್ಟದ ಬಸವ ಮಲಗಿದ್ದಾನೋ ಕೂತಿದ್ದಾನೋ, ದೀಪ ಹತ್ತಿದಾಗ ಅರಮನೆ ಹೇಗೆ ಕಾಣುತ್ತದೆ, ಎಲ್ಲಕ್ಕೂ ಅವಳ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಕೆಂಚಪ್ಪ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದ. ಬರುವಾಗ ಅರಮನೆಯ ತೋಟದಿಂದ ಒಂದು ಗೋಣಿಚೀಲ ತೆಂಗಿನ ಸಸಿ ತಂದಿದ್ದ. ಆ ಸಸಿಗಳೇ ಈಗ ಮನೆಯ ಹಿಂದೆ ಮುಗಿಲಿಗೆ ತಲೆ ಕೊಟ್ಟು ನಿಂತಿರುವ 'ಮೈಸೂರು ಮರ'ಗಳು. ಕಾಯಿ ಗುಂಡಗೆ, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ವರ್ಷ ಇಟ್ಟರೂ ಒಂದೂ ಕೆಡುವುದಿಲ್ಲ. ಬಿಳಿಗೆರೆಯ ತೋಟ ತೋಟದಲ್ಲೂ ಅವುಗಳ ಮಕ್ಕಳು ಮೊಮ್ಮಕ್ಕಳು ಇದ್ದರು.

ಎಲ್ಲ ಸರಿಯೇ. ಒಂದೇ ತೊಡಕು. ಚಿಕ್ಕಗೌರಮ್ಮ ಮೈಸೂರು ನೋಡಿರಲಿಲ್ಲ. ಕೆಂಚಪ್ಪನೂ ನೋಡಿರಲಿಲ್ಲ.

ನಡೆದದ್ದು ಇಷ್ಟು. ಆಗಿನ ಬಸ್ಸು ತುರುವೇಕೆರೆ ದಾಟಿ ಸುತ್ತುಹಾಕಿಕೊಂಡು ದಬ್ಬೇಘಟ್ಟದ ಮೇಲೆ ಹೋಗುತ್ತಿತ್ತು. ದಬ್ಬೇಘಟ್ಟದಲ್ಲಿ ಬಸ್ಸು ನಿಂತಾಗ ಕೆಂಚಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. ರಸ್ತೆ ಪಕ್ಕದ ತೋಟದಲ್ಲಿ ಒಂದು ಮರ, ಅದರ ತುಂಬ ಗೊನೆ. "ಒಂದ್ನಿಮಿಷ ಬತ್ತೀನಿ ಕಣೇ" ಅಂತ ಇಳಿದವನು ಮತ್ತೆ ಹತ್ತಲಿಲ್ಲ. ಚಿಕ್ಕಗೌರಮ್ಮನೇ ಟ್ರಂಕು ಹಿಡಿದುಕೊಂಡು ಇಳಿಯಬೇಕಾಯಿತು. ತೋಟದವರ ಹತ್ತಿರ ಆ ಮರದ ಸಸಿಗಳಿದ್ದವು. ಮೈಸೂರಿಗೆಂದು ಇಟ್ಟಿದ್ದ ದುಡ್ಡು ಸಸಿಗೆ ಹೋಯಿತು. ತುರುವೇಕೆರೆಯ ನೆಂಟರ ಮನೆಯಲ್ಲಿ ಎರಡು ದಿನ ಕಳೆದು ಊರಿಗೆ ಬಂದಾಗ ಕೆಂಚಪ್ಪನ ಅಪ್ಪ, "ಎಲ್ಲಿಂದ್ಲಾ ಇವು?" ಅಂದರು. ಅಪ್ಪನ ಕೈಯಲ್ಲಿ ಬೈಸಿಕೊಳ್ಳುವ ಧೈರ್ಯವಿಲ್ಲದ ಕೆಂಚಪ್ಪ, "ಮೈಸೂರಿಂದ, ಅರಮನೆ ತೋಟದ್ದು" ಅಂದ. ಹೊಸ ಸೊಸೆ ಗಂಡನ ಮಾತು ತೆಗೆದುಹಾಕಲಾಗದೆ ತಲೆಯಾಡಿಸಿದಳು. ಆ ಒಂದು ತಲೆಯಾಡಿಕೆಗೆ ಜೀವನವಿಡೀ ಬಣ್ಣ ಬಳಿಯುತ್ತ ಬಂದಿದ್ದಳು.

ಈ ವರ್ಷ ಹೆಂಗಸರ ಸಂಘದವರು ಮೈಸೂರಿಗೆ ಹೋಗಿಬರಲು ಮಿನಿಬಸ್ಸು ಗೊತ್ತುಮಾಡಿದರು. ಸಂಘದ ಅಧ್ಯಕ್ಷೆ ಶಿವರುದ್ರಮ್ಮ ಕೊಬ್ಬರಿ ಮಂಡಿಯ ತೋಂಟದಾರ್ಯರ ಹೆಂಡತಿ, ಕಾಯಿ ಅಲ್ಲಾಡಿಸಿದರೆ ಸಾಕು ಒಳಗಿನ ಕತೆ ಹೇಳುವಾಕೆ. ಅವಳೇ ತೀರ್ಮಾನ ಕೊಟ್ಟಳು.

"ಗೈಡು ಗೀಡು ಯಾಕ್ರೀ ದಂಡಕ್ಕೆ? ನಮ್ ಗೌರಮ್ಮ ಇಲ್ವಾ! ಎಲ್ಲಾ ತೋರುಸ್ತಾರೆ. ಆ ಸಸಿ ಕೊಟ್ಟ ತಾಯಿಮರಾನೂ ತೋರುಸ್ತಾರೆ. ಅರಿಶಿನ ಕುಂಕುಮ ಇಟ್ಟು ಬರಾಣ."

ಚಿಕ್ಕಗೌರಮ್ಮ ಮನೆಗೆ ಬಂದವಳೇ ಗಂಡನ ಮೇಲೆ ಎಗರಿಬಿದ್ದಳು. "ನೀನು ಬಸ್ಸಿಂದ ಇಳ್ದಿದ್ದಕ್ಕೆ ಈಗ ನನ್ ಮಾನ ಇಳೀತದೆ!"

"ಧೈರ್ಯವಾಗಿ ಏನೋ ಒಂದು ಹೇಳ್ಬುಡು. ಕೇಳೋರಿಗೇನ್ ಗೊತ್ತು?" ಅಂದ ಕೆಂಚಪ್ಪ, ಕಣ್ಣು ತಪ್ಪಿಸಿ. ಸಸಿಯ ವಿಷಯದಲ್ಲಿ ಊರಿಗೆ ಊರೇ ಅವನ ಮಾತು ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಅವನು ಸುಳ್ಳುಗಾರ ಅನ್ನಿಸಿಕೊಂಡು ಜಗಲಿ ಮೇಲೆ ತಲೆತಗ್ಗಿಸಿ ಕೂರುವುದನ್ನು ನೆನೆದರೆ ಅವಳಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗುತ್ತಿತ್ತು. ಬೈಯುವುದೇನಿದ್ದರೂ ತಾನು ಬೈಯಬೇಕು, ಊರಿನವರಲ್ಲ.

ಭಾನುವಾರ ಬೆಳಗ್ಗೆ ಬಸ್ಸು ಹೊರಟಿತು. ಡ್ರೈವರ್ ರಂಗರಾಜು ಒಬ್ಬನೇ ಗಂಡಸು. ಚಿಕ್ಕಗೌರಮ್ಮನ ಸೊಸೆ ಯೋಗಿತಾ ಮೊಬೈಲು ಹಿಡಿದು ಎಲ್ಲದರ ಫೋಟೋ ತೆಗೆಯುವ ಜವಾಬ್ದಾರಿ ಹೊತ್ತಿದ್ದಳು.

ಮೊದಲು ಶ್ರೀರಂಗಪಟ್ಟಣ. ಹಳೇ ರಾಜಧಾನಿ, ಬೇಸಿಗೆ ಅರಮನೆ, ಗೋಡೆ ತುಂಬ ಚಿತ್ರ. ಅಲ್ಲೊಂದು ವಿವರದ ಬೋರ್ಡಿತ್ತು. ಚಿಕ್ಕಗೌರಮ್ಮ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಈ ಆನೆ ಮೇಲೆ ಕೂತಿರೋನು ರಾಜ. ಹಿಂದಿರೋನು ಭಾವಮೈದ. ಆನೆ ಸಿಗಲಿಲ್ಲ ಅಂತ ಮುಖ ಊದಿಸ್ಕಂಡವ್ನೆ ನೋಡ್ರಿ."

"ಹೌದಲ್ವಾ!" ಎಂದು ಹೆಂಗಸರು ಮುಂದೆ ಬಾಗಿ ಭಾವಮೈದನ ಮುಖ ನೋಡಿದರು. ಎಲ್ಲರ ಮನೆಯಲ್ಲೂ ಅಂಥವನೊಬ್ಬ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಚಿಕ್ಕಗೌರಮ್ಮನಿಗೆ ಹುರುಪು ಬಂತು. ಕಾವೇರಿ ಸಂಗಮದಲ್ಲಿ ಯಾವ ನೀರು ಯಾವ ರಾಣಿಯ ಸ್ನಾನಕ್ಕೆ ಅಂತ ಬೇರೆ ಬೇರೆ ಮಾಡಿ ತೋರಿಸಿದಳು. ಬೆಟ್ಟದ ಬಸವ ಮಲಗಿದ್ದಾನೆಂದು ಊರಲ್ಲಿ ಹೇಳಿದ್ದಕ್ಕೆ ಅವನು ಸರಿಯಾಗಿ ಮಲಗಿಯೇ ಇದ್ದ. ಚಿಕ್ಕಗೌರಮ್ಮ ಮನಸ್ಸಿನಲ್ಲೇ ಅವನಿಗೊಂದು ಕೈ ಮುಗಿದಳು.

ಮಧ್ಯಾಹ್ನ ಅರಮನೆ. ದರ್ಬಾರ್ ಹಾಲಿನ ಕಂಬಗಳ ನಡುವೆ ಹೆಂಗಸರು ಬಾಯಿಬಿಟ್ಟು ಮೇಲೆ ನೋಡುತ್ತ ನಿಂತರು.

"ಇಷ್ಟೆತ್ತರ ಮನೆ ಕಟ್ಟಿ ಒಂದು ಅಟ್ಟ ಹಾಕಿಲ್ವಲ್ಲೇ" ಎಂದಳು ಶಿವರುದ್ರಮ್ಮ, ನಿಜವಾದ ಬೇಸರದಿಂದ. "ಇಡೀ ಬಿಳಿಗೆರೆ ಕಾಯಿ ಹಾಕ್ಬೋದಿತ್ತು."

"ಮಹಾರಾಜ್ರಿಗೆ ಕೊಬ್ಬರಿ ಕಟ್ಕಂಡು ಏನಾಗ್ಬೇಕಮ್ಮ" ಎಂದಳು ಚಿಕ್ಕಗೌರಮ್ಮ. ಬೇಗ ಹೊರಡಿಸುವ ಆತುರ ಅವಳಿಗೆ. ಆದರೆ ಅಂಗಳಕ್ಕೆ ಬರುತ್ತಿದ್ದಂತೆ ಶಿವರುದ್ರಮ್ಮ ಕುಂಕುಮದ ಪೊಟ್ಟಣ ಕೈಗೆ ತೆಗೆದುಕೊಂಡಳು.

"ಎಲ್ಲಿ ಗೌರಮ್ಮ, ನಮ್ ತಾಯಿಮರ?"

ಹುಲ್ಲುಹಾಸಿತ್ತು, ಹೂವಿನ ಗಿಡಗಳಿದ್ದವು. ತೆಂಗಿನ ಮರ ಕಣ್ಣಿಗೆ ಬೀಳಲಿಲ್ಲ. ಚಿಕ್ಕಗೌರಮ್ಮ ಬೆವರುತ್ತ ಸುತ್ತ ಕಣ್ಣಾಡಿಸಿ, ಕೊನೆಗೆ ಮೂಲೆಯಲ್ಲಿ, ಒಂದು ಗುಡಿಯ ಹಿಂದೆ, ಒಂದೇ ಒಂದು ಮರ ಕಂಡು "ಅಗೋ!" ಎಂದಳು. ಆ ಕ್ಷಣ ದೇವರೇ ಅದನ್ನು ಅಲ್ಲಿ ನೆಟ್ಟನೆಂದು ಅವಳು ನಂಬಿದಳು.

ಅಲ್ಲೇ ಅವಳು ಎಡವಿದ್ದು. ರಾಜರ ವಿಷಯದಲ್ಲಿ ಬಿಳಿಗೆರೆಯ ಹೆಂಗಸರಿಗೆ ಏನು ಹೇಳಿದರೂ ನಡೆಯುತ್ತದೆ. ತೆಂಗಿನ ಮರದ ವಿಷಯದಲ್ಲಿ ನಡೆಯುವುದಿಲ್ಲ. ಒಬ್ಬಳು ಕತ್ತೆತ್ತಿ ಗೊನೆ ನೋಡಿದಳು. ಇನ್ನೊಬ್ಬಳು ಬುಡ ತಟ್ಟಿದಳು. ಶಿವರುದ್ರಮ್ಮ ಗರಿ ಬಿದ್ದ ಗುರುತುಗಳ ಮೇಲೆ ಕೈಯಾಡಿಸಿ ಮೇಲಿನವರೆಗೂ ಕಣ್ಣಲ್ಲೇ ಅಳೆದಳು.

"ಇದಕ್ಕೆ ನನ್ ಮಗಳು ಇಂಪನಾ ವಯಸ್ಸೂ ಆಗಿಲ್ವಲ್ಲ ಗೌರಮ್ಮ. ತಾಯಿಗಿಂತ ಮಕ್ಕಳೇ ದೊಡ್ಡೋರಾ?"

"ಅದು... ಹಳೇದು ಬಿದ್ದೋಗಿರ್ಬೇಕು. ಅದರ ಜಾಗಕ್ಕೆ ಹಾಕಿರೋದು ಇದು."

"ಕಾಯಿ ಉದ್ದಕ್ಕೈತೆ. ನಮ್ಮದು ಗುಂಡು."

"ಮೈಸೂರು ನೀರು ಕಣಮ್ಮ!"

ಶಿವರುದ್ರಮ್ಮ "ಹೂಂ" ಎಂದಳು. ಆ ಹೂಂ ಬಹಳ ಉದ್ದವಿತ್ತು. ಕುಂಕುಮದ ಪೊಟ್ಟಣ ಬಿಚ್ಚದೆ ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಂಜೆ ದೀಪ ನೋಡಲು ಜನ ಸೇರಿದರು. ಚಿಕ್ಕಗೌರಮ್ಮ ಎಲ್ಲರಿಗಿಂತ ಮುಂದೆ ನಿಂತು, "ಈಗ ಒಂದೊಂದೇ ದೀಪ ಹತ್ತುತ್ತೆ, ಮೊದ್ಲು ಗೋಪುರ, ಆಮೇಲೆ ಬಾಗ್ಲು" ಎಂದು ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಇಡೀ ಅರಮನೆ ಒಮ್ಮೆಲೇ ಹೊತ್ತಿಕೊಂಡಿತು.

"ಅಯ್ಯಯ್ಯೋ ನಮ್ಮಪ್ಪಾ!" ಎಂದು ಕೂಗಿದವಳು ಚಿಕ್ಕಗೌರಮ್ಮನೇ. ಪಕ್ಕದಲ್ಲಿದ್ದ ಶಿವರುದ್ರಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು, ಅದೂ ಎಷ್ಟು ಸಣ್ಣ ಸುಳ್ಳು! ನಿಜವೇ ಇಷ್ಟು ದೊಡ್ಡದಿರುವಾಗ ತಾವಿಬ್ಬರೂ ಜಿಪುಣರ ಹಾಗೆ ನಾಲ್ಕು ದೀಪ ಹಚ್ಚಿ ಕೂತಿದ್ದೆವಲ್ಲ ಅನ್ನಿಸಿತು.

"ಮೊದಲ್ನೇ ಸಲ ನೋಡೋರಂಗೆ ಕೂಗಿದ್ರಲ್ಲ" ಎಂದಳು ಶಿವರುದ್ರಮ್ಮ.

"ಆವಾಗ ಇಷ್ಟು ಬಲ್ಬಿರ್ಲಿಲ್ಲ" ಎಂದಳು ಚಿಕ್ಕಗೌರಮ್ಮ, ಸೆರಗಿನಿಂದ ಮೂಗೊರೆಸುತ್ತ.

ಯೋಗಿತಾ ಮಾವನಿಗೆ ವಿಡಿಯೋ ಕಾಲ್ ಮಾಡಿದಳು. ಕೆಂಚಪ್ಪ ಜಗಲಿಯ ಮೇಲಿದ್ದ, ಸುತ್ತ ಊರಿನ ಗಂಡಸರು. "ನಂಗೇನ್ ತೋರುಸ್ತೀಯವ್ವಾ, ನಾನ್ ನೋಡಿರೋದೇ ಬುಡು" ಎಂದ ಜೋರಾಗಿ. ಆಮೇಲೆ ಮೊಬೈಲನ್ನು ಹತ್ತಿರ ಹತ್ತಿರ ತಂದುಕೊಂಡ. ಪರದೆಯ ಮೇಲೆ ಅವನ ಹಣೆ ಹೋಯಿತು, ಮೂಗು ಹೋಯಿತು, ಕೊನೆಗೆ ಒಂದೇ ಒಂದು ಕಣ್ಣು ಉಳಿಯಿತು. ದೀಪ ಆರುವ ತನಕ ಆ ಕಣ್ಣು ರೆಪ್ಪೆ ಬಡಿಯಲಿಲ್ಲ, ಕಾಲ್ ಕಟ್ ಮಾಡಲಿಲ್ಲ. ಚಿಕ್ಕಗೌರಮ್ಮ ಅರಮನೆ ಬಿಟ್ಟು ಆ ಕಣ್ಣನ್ನೇ ನೋಡುತ್ತ ನಿಂತಳು.

ರಾತ್ರಿ ಛತ್ರದಲ್ಲಿ ಮಲಗಿ, ಮರುದಿನ ಸೋಮನಾಥಪುರ ನೋಡಿಕೊಂಡು ಊರ ದಾರಿ ಹಿಡಿದರು. ಕಲ್ಲಿನ ಗುಡಿಯ ಕೆತ್ತನೆಗೆ ಚಿಕ್ಕಗೌರಮ್ಮ ಒಂದೂ ಕತೆ ಹೇಳಲಿಲ್ಲ. ಗಂಡಾಂತರ ಕಳೆಯಿತು, ಇನ್ನು ಬಾಯಿ ಮುಚ್ಚಿಕೊಂಡು ಮನೆ ಸೇರಿದರೆ ಸಾಕು ಅಂದುಕೊಂಡಿದ್ದಳು. ಆಗ ರಂಗರಾಜು ಹಿಂದೆ ತಿರುಗಿ ಹೇಳಿದ.

"ಮೇನ್ ರೋಡ್ ಕಿತ್ತಾಕವ್ರೆ ಕಣಮ್ಮ. ದಬ್ಬೇಘಟ್ಟದ ಮೇಲೆ ಹೋಗ್ತೀನಿ."

"ಬ್ಯಾಡ!" ಎಂದಳು ಚಿಕ್ಕಗೌರಮ್ಮ. ಬಸ್ಸು ದಬ್ಬೇಘಟ್ಟದ ಕಡೆಗೆ ತಿರುಗಿತು.

ಆ ಊರು ಬಂದಾಗ ಅವಳು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತಳು. ಪ್ರಯೋಜನವಾಗಲಿಲ್ಲ. "ನಿಲ್ಸಪ್ಪ ರಂಗರಾಜು! ನಿಲ್ಸು!" ಎಂಬ ಕೂಗಿಗೆ ಬಸ್ಸು ನಿಂತಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದವಳು ಶಿವರುದ್ರಮ್ಮ. ರಸ್ತೆ ಪಕ್ಕದ ತೋಟದಲ್ಲಿ ಒಂದು ಮುದಿ ಮರ, ಬುಡ ಸವೆದು ಸೊಂಟ ಸ್ವಲ್ಪ ಬಾಗಿತ್ತು. ತಲೆಯ ತುಂಬ ಗೊನೆ, ಕಾಯಿ ಗುಂಡಗೆ.

ಹೆಂಗಸರೆಲ್ಲ ದಡದಡನೆ ಇಳಿದರು. ಅವರನ್ನು ಕಂಡು ತೋಟದ ಯಜಮಾನ ಸಣ್ಣತಿಮ್ಮಯ್ಯ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಬಂದ. ತನ್ನ ಮರವನ್ನು ನೋಡಲು ಒಂದು ಬಸ್ಸು ಜನ ಬಂದರೆ ಯಾರಿಗೆ ಖುಷಿಯಾಗುವುದಿಲ್ಲ?

"ನಮ್ಮಜ್ಜ ಹಾಕಿದ್ದು ಕಣ್ರವ್ವಾ. ಇದ್ರ ಸಸಿಗೆ ಎಲ್ಲೆಲ್ಲಿಂದ್ಲೋ ಬರೋರು. ನಾನು ಚಿಕ್ಕೋನಿದ್ದಾಗ ಹೊಸದಾಗಿ ಮದ್ವೆಯಾದ ಗಂಡ ಹೆಂಡ್ತಿ ಬಸ್ಸಿಂದ ಇಳಿದು ಬಂದ್ರು. ತಿಪಟೂರು ಕಡೆಯೋರು. ಆವಪ್ಪ ಇದ್ದ ದುಡ್ಡೆಲ್ಲಾ ಸಸಿಗೆ ಸುರುದ. ಆವಮ್ಮ ಅಗೋ ಆ ಕಲ್ಲಿನ್ ಮೇಲೆ ಟ್ರಂಕಿಟ್ಕಂಡು ಕೂತು, ಮೈಸೂರು ತೋರುಸ್ಲಿಲ್ಲ ಅಂತ ಗೊಳೋ ಅಂತ ಅತ್ತಿದ್ದೇ ಅತ್ತಿದ್ದು!"

"ನಾನ್ಯಾವಾಗ ಗೊಳೋ ಅಂದೆ? ಕಣ್ಣಿಗೆ ಧೂಳು ಬಿದ್ದಿತ್ತು!" ಎಂದಳು ಚಿಕ್ಕಗೌರಮ್ಮ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೆಂಗಸರೆಲ್ಲ ಮರ ಬಿಟ್ಟು ಅವಳನ್ನು ನೋಡಿದರು. ಯೋಗಿತಾಳ ಮೊಬೈಲು ಕೆಳಗಿಳಿಯಿತು. ಚಿಕ್ಕಗೌರಮ್ಮನಿಗೆ ತನ್ನ ಮಾನದ ಯೋಚನೆ ಬರಲಿಲ್ಲ. ಜಗಲಿ ಮೇಲೆ ಕೂತ ಕೆಂಚಪ್ಪನೇ ಕಣ್ಣಮುಂದೆ ಬಂದ. ನಾಳೆಯಿಂದ ಇವರೆಲ್ಲ ಅವನನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಾರೆ.

ಶಿವರುದ್ರಮ್ಮ ಮರಕ್ಕೆ ಒಂದು ಸುತ್ತು ಬಂದಳು. ಅವಳ ಮನಸ್ಸಿನಲ್ಲೂ ಒಂದು ಲೆಕ್ಕ ಓಡುತ್ತಿತ್ತು. ಇಂಪನಾಳ ಮದುವೆಯಲ್ಲಿ ಮಡಿಲಕ್ಕಿಯ ಜೊತೆ ಎರಡು ಮೈಸೂರು ಸಸಿ ಇಟ್ಟು ಚಿಕ್ಕನಾಯಕನಹಳ್ಳಿಗೆ ಕಳಿಸಿದ್ದಳು. ಬೀಗರು ಅವನ್ನು ಅಂಗಳದಲ್ಲಿ ನೆಟ್ಟು, ಬಂದವರಿಗೆಲ್ಲ ಅರಮನೆ ಮರವೆಂದು ತೋರಿಸುತ್ತಿದ್ದರು. ಅವರಿಗೆ ಈಗ ದಬ್ಬೇಘಟ್ಟ ಅನ್ನುವುದು ಹೇಗೆ? ಇಲ್ಲಿ ನಿಂತಿದ್ದ ಒಬ್ಬೊಬ್ಬಳೂ ಎಲ್ಲೋ ಒಂದು ಕಡೆ ಆ ಮರದ ಹೆಸರು ಹೇಳಿಕೊಂಡು ಜಂಬ ಪಟ್ಟವಳೇ.

"ಅಲ್ಲ ಕಣ್ರೇ" ಎಂದಳು ಶಿವರುದ್ರಮ್ಮ ಅಧ್ಯಕ್ಷೆಯ ಧ್ವನಿಯಲ್ಲಿ. "ಆವಾಗ ದಬ್ಬೇಘಟ್ಟ ಯಾರ ಸೀಮೆ? ಇವ್ರಜ್ಜ ಮರ ನೆಟ್ಟಾಗ ಆಳ್ತಿದ್ದೋರು ಯಾರು?"

"ಮೈಸೂರು ಮಹಾರಾಜ್ರು" ಎಂದಳು ಯೋಗಿತಾ ಮೆಲ್ಲಗೆ.

"ಅಂದ್ಮೇಲೆ ಮಹಾರಾಜ್ರ ನೆಲದ್ ಮರ. ಮೈಸೂರು ಮರ ಅಲ್ದೆ ಇನ್ನೇನು? ಕೆಂಚಪ್ಪ ಹೇಳಿದ್ರಾಗೆ ತಪ್ಪೇನೈತೆ?" ಸೊಂಟದಿಂದ ಕುಂಕುಮದ ಪೊಟ್ಟಣ ತೆಗೆದು ಚಿಕ್ಕಗೌರಮ್ಮನ ಕೈಗೆ ಕೊಟ್ಟಳು. "ಮೊದ್ಲು ನೀವಿಡ್ರಿ. ಆಮೇಲೆ ನಾವು."

ಚಿಕ್ಕಗೌರಮ್ಮ ಮರಕ್ಕೆ ಕುಂಕುಮವಿಟ್ಟಳು. ಅಂದು ಈ ಮರವನ್ನು ಅವಳು ಬಾಯಿಗೆ ಬಂದಂತೆ ಶಪಿಸಿದ್ದಳು. ಅದು ಬೇಜಾರು ಮಾಡಿಕೊಳ್ಳದೆ ಮಕ್ಕಳನ್ನು ಓದಿಸಿತ್ತು, ಮನೆ ಕಟ್ಟಿಸಿತ್ತು. ಸಣ್ಣತಿಮ್ಮಯ್ಯ ಒಂದೂ ಅರ್ಥವಾಗದಿದ್ದರೂ ಎಲ್ಲರಿಗೂ ಎಳನೀರು ಕೆತ್ತಿಕೊಟ್ಟ. ಬಸ್ಸಿನಲ್ಲಿ ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಆದರೆ ತಿಪಟೂರಿನ ತನಕ ಆಗಾಗ ಯಾರೋ ಒಬ್ಬಳು "ಕಣ್ಣಿಗೆ ಧೂಳು" ಅನ್ನುವುದು, ಉಳಿದವರು ಬಿದ್ದು ಬಿದ್ದು ನಗುವುದು ನಡೆದೇ ಇತ್ತು. ಚಿಕ್ಕಗೌರಮ್ಮನೂ ನಕ್ಕಳು.

ಮನೆಗೆ ಬಂದಾಗ ಕೆಂಚಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದ.

"ಏನಾರ ಗೊತ್ತಾಯ್ತೇನೇ?"

"ಮಾನ ಹೋಗ್ಲಿಲ್ಲ ಬುಡು."

ಕೆಂಚಪ್ಪ ಉಸಿರು ಬಿಟ್ಟ. ಮರಗಳ ಕಡೆ ನೋಡುತ್ತ ಮೆಲ್ಲಗೆ ಅಂದ. "ದೀಪ... ಮೊಬೈಲ್ನಾಗೆ ಕಂಡಂಗೇ ಇತ್ತಾ? ಇಲ್ಲಾ ಅದಕ್ಕಿಂತ ಜಾಸ್ತಿನಾ?"

ಬಿಳಿಗೆರೆಗೆ ಮೈಸೂರು ತೋರಿಸಿದವನು ಅವನು. ಈಗ ಅವರಿಬ್ಬರಲ್ಲಿ ಮೈಸೂರು ನೋಡದೆ ಉಳಿದವನೂ ಅವನೊಬ್ಬನೇ. ಚಿಕ್ಕಗೌರಮ್ಮನಿಗೆ ಅವನ ಮೇಲೆ ಇಷ್ಟು ವರ್ಷ ಹಿಡಿದಿಟ್ಟ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಬರೋ ಭಾನುವಾರ ಹೊರಡು" ಎಂದಳು. "ಸರ್ಕಾರಿ ಬಸ್ಸು. ನಂಗೆ ಫ್ರೀ, ನಿಂಗೊಂದು ಟಿಕೆಟ್ ನಾನೇ ತೆಗಿಸ್ತೀನಿ. ಆದ್ರೆ ಕಿಟಕಿ ಪಕ್ಕ ನಾನ್ ಕೂರೋದು. ದಬ್ಬೇಘಟ್ಟ ದಾಟೋ ತನಕ ನೀನು ಕಣ್ಣು ಬುಡಂಗಿಲ್ಲ."