ಬೀಗಿತ್ತಿಯ ದಂಡದೂಟ

ಸಜ್ಜೆ ಗಂಜಿಯ ಮೊದಲ ತುತ್ತು ನನ್ನ ತಲೆವಸ್ತ್ರದ ಮೇಲೆ ಬಿತ್ತು. ಎರಡನೆಯದು ಕೋಳಿಗಳಿಗೆ ಹೋಯಿತು. ಮೂರನೆಯದನ್ನು ಹಮ್ಮದಿ ಬಾಯಿಗೆ ಇಟ್ಟುಕೊಂಡ. ನಾನು ಖುಷಿಪಡುವಷ್ಟರಲ್ಲಿ ನನ್ನ ಮಡಿಲಿಗೇ ಉಗಿದ.

ಹಮ್ಮದಿ ನನ್ನ ಮಗಳು ಯಾಂದೆಯ ಮಗ. ಇನ್ನೂ ಎರಡು ವರ್ಷ ತುಂಬಿಲ್ಲ. ಮೊಲೆ ಬಿಡಿಸುವ ಹೊತ್ತಿಗೆ ನಮ್ಮಲ್ಲಿ ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಡುತ್ತಾರೆ. ತಾಯಿ ಕಣ್ಣಿಗೆ ಬೀಳದಿದ್ದರೆ ಮಗು ಹಾಲು ಮರೆಯುತ್ತದೆ, ಊಟ ಕಲಿಯುತ್ತದೆ. ಯಾಂದೆಗೆ ಕಡಲ ದಂಡೆಯಲ್ಲಿ ಮೀನು ಒಣಗಿಸುವ ಕೆಲಸ. ಬಿಟ್ಟು ಹೋಗುವಾಗ, "ಶುಕ್ರವಾರ ಬರ್ತೀನಿ ಅವ್ವಾ. ಸೊರಗಿದ್ರೆ ಎತ್ಕೊಂಡ್ ಹೋಗಿ ಮತ್ತೆ ಹಾಲು ಕುಡಿಸ್ತೀನಿ," ಅಂದಿದ್ದಳು. ಹಾಗಾದರೆ ಅವಳ ಕೆಲಸವೂ ಹೋಯಿತು, ಮೊಮ್ಮಗನೂ ನನ್ನ ಅಂಗಳದಿಂದ ಹೋದ. ಮಕ್ಕಳನ್ನು ಹೆತ್ತು ದೊಡ್ಡದು ಮಾಡಿದ ತೇನಿಂಗ್‌ಗೆ ಒಂದು ಕೂಸಿಗೆ ಉಣ್ಣಿಸಲು ಬರಲಿಲ್ಲ ಅಂತ ನನ್ನ ಹೆಸರು ಹಿಡಿದು ಆಡುವ ಮಾತು ಮಾತ್ರ ಬಾವಿಕಟ್ಟೆಯಲ್ಲಿ ಉಳಿಯುತ್ತದೆ.

ನಾನು ಚಮಚ ಹಿಡಿದು ಅಂಗಳವೆಲ್ಲ ಅವನ ಹಿಂದೆ ಓಡಿದೆ. ಕೆನ್ನೆ ಒತ್ತಿ ಬಾಯಿ ತೆರೆಸಿದೆ. ಬೈದೆ. ಅವನಿಗೆ ಬೇಕಾಗಿದ್ದದ್ದು ಕೋಳಿಗಳು. ಹಿಡಿ ಎಸೆದರೆ ಹತ್ತಾರು ಕೋಳಿ ರೆಕ್ಕೆ ಬಡಿದು ಓಡಿ ಬರುತ್ತವೆ. ಅದಕ್ಕಿಂತ ರುಚಿ ನನ್ನ ಗಂಜಿಯಲ್ಲಿ ಎಲ್ಲಿಂದ ಬರಬೇಕು.

ಆ ಹೊತ್ತಿಗೆ ಸರಿಯಾಗಿ ದಿಕ್ಕೆಲ್ ಬಂದಳು. ಅಳಿಯನ ತಾಯಿ, ನನ್ನ ಬೀಗಿತ್ತಿ, ಬಾವಿಯ ಆಚೆ ದನ ಸಾಕುವ ಫುಲಾನಿಗಳ ಕೇರಿಯವಳು. ತಲೆಯ ಮೇಲೆ ಮೊಸರಿನ ಸೋರೆಬುರುಡೆ. ನಮ್ಮ ಸೆರೆರ್ ಜನಕ್ಕೂ ಅವಳ ಜನಕ್ಕೂ ಒಬ್ಬರನ್ನೊಬ್ಬರು ಹೀಯಾಳಿಸುವ ಸಲಿಗೆ ಮುತ್ತಜ್ಜಂದಿರ ಕಾಲದಿಂದ ಇದೆ. ಏನು ಬೇಕಾದರೂ ಅನ್ನಬಹುದು. ಕೇಳಿಸಿಕೊಂಡವರು ಸಿಟ್ಟಾಗುವಂತಿಲ್ಲ.

"ಏನೇ ಬೀಗಿತ್ತಿ, ಕೋಳಿಗೆ ಮೊಲೆ ಬಿಡಿಸ್ತಿದ್ದೀಯಾ?" ಅಂದಳು.

"ಹೂಂ. ನಿನ್ನ ಮೊಮ್ಮಗ ಅಲ್ವಾ. ದನದ ಬಾಲ ಹಿಡ್ಕೊಂಡು ಓಡಾಡಿದೋರಿಗೆ ಕೂತು ಉಣ್ಣೋದು ಎಲ್ಲಿ ಗೊತ್ತು?"

"ನೀನು ಬೇಯಿಸಿದ್ದನ್ನ ಉಗಿಯೋ ಬುದ್ಧಿ ಇದೆಯಲ್ಲ, ಅದು ನಮ್ ಕಡೇದು. ಕೊಡು, ನಾನೇ ಕರ್ಕೊಂಡು ಹೋಗ್ತೀನಿ. ಹೊಟ್ಟೆಬಾಕ ಸೆರೆರ್‌ಗಳು ಕೂಸಿನ ಪಾಲನ್ನೂ ನುಂಗಿಬಿಡ್ತಾರೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ದಿನ ತಲೆವಸ್ತ್ರದಿಂದ ಗಂಜಿ ಕಿವಿಗೆ ಇಳಿಯುತ್ತಿತ್ತು. ಕೈ ತೊಳೆಯುವ ನೀರನ್ನು ಎತ್ತಿ ಅವಳ ಕಾಲಿಗೇ ಸುರಿದೆ. "ನನ್ನ ಅಂಗಳಕ್ಕೆ ಇನ್ನೊಂದು ಸಲ ಕಾಲಿಡಬೇಡ," ಅಂದೆ.

ಬೇವಿನ ಕೆಳಗೆ ಬೇಲಿಯ ತಡಿಕೆ ಹೆಣೆಯುತ್ತಿದ್ದ ನನ್ನ ಯಜಮಾನನ ಕೈ ನಿಂತಿತು. ಜೊಗೊಯ್ ಮಾತು ಕಡಿಮೆಯ ಮನುಷ್ಯ. ದಿಕ್ಕೆಲ್ ಅವನ ಕಡೆ ತಿರುಗಿದಳು.

"ಬೀಗರೇ, ನಿಮ್ಮ ಹೆಂಡ್ತಿಗೆ ಸಿಟ್ಟು ಬಂತಾ?"

"ಬಂದ ಹಾಗಿದೆ."

"ತಮಾಷೆಗೋ, ನಿಜವಾಗ್ಲೂನೋ?"

ಅವನು ಅವಳ ಒದ್ದೆ ಪಾದ ನೋಡಿದ. "ನಿಜವಾಗ್ಲೂ."

"ಹಾಗಾದ್ರೆ ದಂಡ," ಅಂದಳು ದಿಕ್ಕೆಲ್. "ನಾಳೆ ಮಧ್ಯಾಹ್ನ ಊಟಕ್ಕೆ ಬರ್ತೀನಿ. ಅನ್ನ ಮಾಡು. ಮೀನಿನ ತಲೆ ನನಗೆ." ಮೊಸರಿನ ಬುರುಡೆಯನ್ನು ಕೆಳಗಿಟ್ಟು, ಸೆರಗು ಕೊಡವಿಕೊಂಡು ಹೋದಳು.

ಸಲಿಗೆಯ ಮಾತಿಗೆ ಸಿಟ್ಟಾದವರು ದಂಡ ಕೊಡಲೇಬೇಕು. ಕೊಡದಿದ್ದರೆ ಮಾನ ಇರುವುದಿಲ್ಲ. ಮಾರನೆಯ ದಿನ ಹಲ್ಲು ಕಡಿಯುತ್ತಲೇ ಮೀನು ಹುರಿದೆ, ಶೇಂಗಾ ಅರೆದೆ. ದೊಡ್ಡ ಬೋಗುಣಿಯನ್ನು ಚಾಪೆಯ ನಡುವೆ ಇಟ್ಟೆ. ಮೂವರೂ ಸುತ್ತ ಕೂತೆವು. ಹಮ್ಮದಿ ಕೋಳಿಗಳ ಜೊತೆ ಇದ್ದ. ಮೊದಲು ಈ ದಂಡ ಮುಗಿಯಲಿ, ಅವನನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡೆ.

"ಉಪ್ಪು ಕಡಿಮೆ," ಅಂದಳು ದಿಕ್ಕೆಲ್.

"ದನದ ಹಾಗೆ ಕಲ್ಲುಪ್ಪು ನೆಕ್ಕಿ ಬಾ ಹೋಗು."

"ಮೀನು ಹಳೇದು. ಸಮುದ್ರ ಬಿಟ್ಟಾಗ ನಿನ್ನಷ್ಟೇ ವಯಸ್ಸಾಗಿತ್ತು ಅನ್ಸತ್ತೆ."

"ನಿನ್ನ ಬಾಯಲ್ಲಿ ಹಲ್ಲಿಲ್ಲ. ಹಳೇದು ಹೊಸದು ನಿನಗೇನು ಗೊತ್ತಾಗತ್ತೆ."

ಇಬ್ಬರ ದನಿಯೂ ಏರುತ್ತಾ ಹೋಯಿತು. ಕೋಳಿಗಳಿಗಿಂತ ಜೋರು ಗದ್ದಲ ಎಲ್ಲಿ ನಡೆದಿದೆ ಅಂತ ನೋಡಲು ಹಮ್ಮದಿ ಬಂದ. ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ನಮ್ಮಿಬ್ಬರ ಮೊಣಕಾಲುಗಳ ನಡುವೆ ನುಸುಳಿ ಕುಕ್ಕರಗಾಲಲ್ಲಿ ಕೂತ. ದಿಕ್ಕೆಲ್ ತನ್ನ ಎದುರಿನ ಪಾಲಿನಿಂದ ಮುಳ್ಳು ತೆಗೆದ ಮೀನನ್ನು ಅವನ ಮುಂದೆ ತಳ್ಳಿದಳು. ಅವನ ಕಡೆ ನೋಡಲೂ ಇಲ್ಲ. ಬೈಗುಳದ ಮಧ್ಯೆಯೇ ತಳ್ಳಿದಳು.

ಅವನು ಎಡಗೈ ಹಾಕಿದ. ನಾನು ಬಾಯಿ ತೆರೆದೆ. ದಿಕ್ಕೆಲ್ ನನ್ನ ಕಾಲ್ಬೆರಳು ಮೆಟ್ಟಿದಳು.

"ಸುಮ್ನಿರೇ. ಇವತ್ತು ತಿನ್ನಲಿ. ಬಲ ಎಡ ಆಮೇಲೆ ಹೇಳ್ಕೊಟ್ರಾಯ್ತು."

ಅವನು ತಿಂದ. ಮೊಣಕೈವರೆಗೆ ಎಣ್ಣೆ ಹರಿಯಿತು. ಅನ್ನ ಕೂದಲಿಗೂ ಹತ್ತಿತು, ದಿಕ್ಕೆಲ್‌ಳ ಬೆಳ್ಳಿ ಕಡಗದ ಸಂದಿಗೂ ಹೋಯಿತು. ಅವಳು ಹಬ್ಬಕ್ಕೆ ಉಡುವ ನೀಲಿ ನಿಲುವಂಗಿ ಹಾಕಿಕೊಂಡು ಬಂದಿದ್ದಳು. ಅದರ ತೋಳಿಗೇ ಅವನು ಬಾಯಿ ಒರೆಸಿಕೊಂಡ. ಆದರೂ ಅವಳು ಮಾತಾಡುತ್ತಲೇ ಇದ್ದಳು, ನನ್ನ ಅಡುಗೆಯ ವಿಷಯ.

ಮರುದಿನ ದಂಡ ತೀರಿತ್ತು, ಅವಳು ಬರಲಿಲ್ಲ. ನಾನು, ಜೊಗೊಯ್, ಹಮ್ಮದಿ ಬೋಗುಣಿಯ ಮುಂದೆ ಕೂತೆವು. ಮೊದಲ ಹಿಡಿಯೇ ಕೋಳಿಗೆ ಹೋಯಿತು. ಗದ್ದಲ ಕೇಳಿದರೆ ತಿಂದಾನು ಅಂತ ನಾನು ಜೊಗೊಯ್‌ನನ್ನು ಬೈದೆ.

"ತಡಿಕೆ ಹೆಣೆಯೋಕೆ ಒಂದು ವಾರ ಬೇಕಾ? ಆಮೆಯಾದ್ರೂ ಮುಗಿಸ್ತಿತ್ತು."

"ಹೌದು," ಅಂದ ಅವನು.

"ಹೌದು ಅನ್ನಬೇಡ, ತಿರುಗಿ ಏನಾದ್ರೂ ಅನ್ನು."

"ಏನನ್ನಲಿ?"

ಇಂಥ ಗಂಡನನ್ನು ಇಟ್ಟುಕೊಂಡು ಜಗಳ ಮಾಡುವುದು ಹೇಗೆ? ಹಮ್ಮದಿ ಎರಡನೆಯ ಹಿಡಿಯನ್ನೂ ಎಸೆದ.

ಸಂಜೆ ಬಾವಿ ದಾಟಿ ಹೋದೆ. ಊಟಕ್ಕೆ ಬಾ ಅಂತ ಆ ಹೆಂಗಸನ್ನು ಕರೆಯುವುದು ನನ್ನಿಂದಾಗದು. ನಾಲಿಗೆ ಏಳುವುದಿಲ್ಲ. ದಿಕ್ಕೆಲ್ ಹಸುವಿನ ಹಾಲು ಕರೆಯುತ್ತಿದ್ದಳು. ಎದುರಿಗೆ ಹೋಗಿ ನಿಂತೆ.

"ಏನಾದ್ರೂ ಅನ್ನು," ಅಂದೆ.

"ಯಾಕೆ?"

"ಸುಮ್ನೆ ಅನ್ನು."

ಅವಳು ಕೆಚ್ಚಲಿನಿಂದ ಕೈ ತೆಗೆಯದೆ ನನ್ನನ್ನು ನೋಡಿದಳು. "ಬೀಗಿತ್ತಿ, ನೀನು ಬಂದ ಮೇಲೆ ಹಸು ಹಾಲು ಏರಿಸ್ಕೊಂಡಿದೆ. ಮುಖ ಆ ಕಡೆ ತಿರುಗಿಸು."

"ನನಗೆ ಸಿಟ್ಟು ಬಂತು," ಅಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

"ಸರಿ. ನಾಳೆ ಈರುಳ್ಳಿ ಜಾಸ್ತಿ ಹಾಕು," ಅಂದಳು, ಮತ್ತೆ ಕರೆಯತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಅಲ್ಲಿಂದ ದಿನಾ ನನಗೆ ಸಿಟ್ಟು ಬಂತು, ದಿನಾ ಅವಳು ಉಂಡಳು. ಹಮ್ಮದಿಯೂ ಉಂಡ. ಅಂಗಳ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಯಿತು. ಕೋಳಿಗಳು ಮಾತ್ರ ಸೊರಗಿದವು.

ಶುಕ್ರವಾರ ಯಾಂದೆ ಬಂದಾಗ ನಾವು ಬೋಗುಣಿಯ ಸುತ್ತ ಇದ್ದೆವು. ಮಗನನ್ನು ಎತ್ತಿಕೊಂಡು ತೂಗಿ ನೋಡಿದಳು. ಅವನು ತಾಯಿಯ ಕತ್ತು ಅಪ್ಪಿ ಸ್ವಲ್ಪ ಅತ್ತ, ಎದೆಗೆ ಮುಖ ಒತ್ತಿದ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಈ ಮೀನಿಗೆ ಬಾಲವೇ ಇಲ್ವಲ್ಲ ಬೀಗಿತ್ತಿ," ಅಂದಳು ದಿಕ್ಕೆಲ್ ಜೋರಾಗಿ. "ಬೇಯಿಸುವಾಗಲೇ ನುಂಗಿದ್ಯಾ?"

"ಬಾಲ ಹಿಡಿಯೋದು ನಿಮ್ಮ ಕಸುಬು."

ಹಮ್ಮದಿ ತಲೆ ಎತ್ತಿದ. ಜಾರಿ ಕೆಳಗಿಳಿದ, ನಮ್ಮ ಮೊಣಕಾಲುಗಳ ನಡುವಿನ ತನ್ನ ಜಾಗಕ್ಕೆ ಬಂದು ಕುಕ್ಕರಿಸಿದ, ಬಲಗೈ ಹಾಕಿದ. ಎಡಗೈಯನ್ನೂ ಹಾಕಿದ.

ಯಾಂದೆ ನಿಂತೇ ನೋಡಿದಳು. "ನೀವಿಬ್ರೂ ಊಟದ ಹೊತ್ತಲ್ಲೂ ಕಿತ್ತಾಡೋದು ಬಿಡಲ್ವಾ?"

"ನೀನು ಕೈ ತೊಳ್ಕೊಂಡು ಕೂತ್ಕೋ," ಅಂದೆ. "ತಿಂಗಳು ಬಿಟ್ಟು ಬಾ ಇವನ್ನ ಕರ್ಕೊಂಡು ಹೋಗೋಕೆ."

"ತಿಂಗಳಾ?" ಅಂದಳು ದಿಕ್ಕೆಲ್. "ಇವಳ ಅಡುಗೆ ಇನ್ನೂ ಒಂದು ತಿಂಗಳು ತಿಂದ್ರೆ ನಾನು ಬದುಕ್ತೀನಾ?"

"ನೋಡು, ನನಗೆ ಸಿಟ್ಟು ಬಂತು."

"ನಾಳೆ ಯಾವ ಮೀನು?" ಅಂದಳು ಅವಳು. ಕಡಗದ ಸಂದಿಯಿಂದ ಅಗುಳೊಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು.