ಅಕ್ಕನ ಬೆಳ್ಳಿ ಪದಕ

ನಮ್ಮಕ್ಕ ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಅವಳು ತೀರಿಕೊಂಡ ಮೇಲೆ ಒಬ್ಬ ಮುದುಕ ಬಾಗಿಲಿಗೆ ಬಂದ. ಅವಳು ಬದುಕಿಸಿದ ಸಿಪಾಯಿಯಂತೆ. ಅವಳ ಪದಕವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕಂತೆ. ಅಚ್ಚ ಬೆಳ್ಳಿಯ ಪದಕ! ನಾನು ಬಾಗಿಲ ಸರಪಳಿ ತೆಗೆಯಲಿಲ್ಲ.

“ಸಿಸ್ಟರ್ ಮಾತು ಎಷ್ಟು ಮೃದು ಅಂತೀರಾ!” ಎಂದ.

“ಮೃದುನಾ? ಅವಳು ಕೂಗಿದ್ರೆ ಮೂರು ಬೀದಿ ಆಚೆ ಕಾಗೆಗಳು ಎದ್ದು ಹಾರ್ತಿದ್ವು. ನೀನು ಕಳ್ಳನೇ ಕಣಯ್ಯ!”

ಅವನು ತಲೆ ಕೆರೆದುಕೊಂಡ. “ಸತ್ತೋರ ಬಗ್ಗೆ ಇನ್ನು ಹೇಗಮ್ಮ ಹೇಳೋದು? ಗುಂಡು ತಗುಲಿ, ಸಾಯ್ತೀನಿ ಅಂತ ಅಳ್ತಿದ್ದೆ. ‘ಸಾಯೋದಾದ್ರೆ ಬೇಗ ಹಾಸಿಗೆ ಖಾಲಿ ಮಾಡು, ಬೇರೆಯೋರು ಕಾಯ್ತಿದ್ದಾರೆ’ ಅಂತ ಕಪಾಳಕ್ಕೆ ಒಂದು ಬಿಟ್ರು.”

ಹಾಗೆ ಬೈಯುವವಳು ಲೋಕದಲ್ಲಿ ಒಬ್ಬಳೇ, ನಮ್ಮಕ್ಕ. ಒಳಗೆ ಕರೆದು ಪದಕ ಕೊಟ್ಟೆ. ಅವನು ಗಳಗಳನೆ ಅತ್ತ. ಆದರೂ ಅದನ್ನು ಹಿಂದಿರುಗಿಸುವವರೆಗೆ ಬಾಗಿಲಿಗೆ ಅಡ್ಡಲಾಗಿ ನಿಂತೇ ಇದ್ದೆ.